ಬಿಲ್ಲಿನ ತುದಿಯಿಂದ ಎಂಟನೆಯ ಸ್ಥಾನಕ್ಕೆ: ‘ಕೋಟಿ’ಯ ದಾರಿ

ಬೆಂಗಳೂರಿನ ಹುಳಿಮಾವಿನಲ್ಲಿ ‘ಕೋಟಿ’ ಎಂಬ ಪದ ದಿನಕ್ಕೆ ಎಷ್ಟು ಸಲ ಕಿವಿಗೆ ಬೀಳುತ್ತದೋ ಲೆಕ್ಕವಿಲ್ಲ. ಬನ್ನೇರುಘಟ್ಟ ರಸ್ತೆಯ ಆಚೀಚೆ ಸೈಟು, ಫ್ಲ್ಯಾಟುಗಳ ಮಾತು ನಡೆಯುವಲ್ಲಿ ಅದು ಬೆಲೆ: “ಒಂದೂಕಾಲು ಕೋಟಿ ಹೇಳ್ತಿದ್ದಾರೆ, ಸ್ವಲ್ಪ ಇಳಿಸಬಹುದು.” ಮನೆಯ ಹಿರಿಯರು ಸ್ನಾನ ಮುಗಿಸಿ, ಚೌಕ ಮನೆಗಳ ಪುಸ್ತಕ ತೆರೆದು ರಾಮನಾಮ ಬರೆಯಲು ಕೂತರೆ ಅದು ವ್ರತ: ರಾಮಕೋಟಿ. ಮಳೆ ಜೋರಾಗಿ ಹಿಡಿದ ವರ್ಷ ಊರಿನ ಹಳಬರು ಕೆರೆಯ ಕಡೆ ಕೈ ತೋರಿ “ಕೋಡಿ ಬಿತ್ತಾ?” ಎಂದು ವಿಚಾರಿಸುತ್ತಾರೆ. ಬೆಲೆ, ವ್ರತ, ಕೆರೆಯ ಅಂಚು. ಮೊದಲ ಎರಡರಲ್ಲಿ ಇರುವುದು ಒಂದೇ ಪದ. ಮೂರನೆಯದು ಅದರ ಜೊತೆಗೆ ಬೆಳೆದ ಮತ್ತೊಂದು ಪದ. ಈ ಪದಗಳ ಹಿಂದೆ ಹೋದರೆ ನಮ್ಮ ಜನ ದೊಡ್ಡ ಸಂಖ್ಯೆಯನ್ನು ಹೇಗೆ ಕಂಡರು, ಹೇಗೆ ಹೆಸರಿಟ್ಟರು, ಹೇಗೆ ಬಿಡಿಸಿ ನೋಡಿದರು ಎಂಬ ಕಥೆಯೇ ತೆರೆದುಕೊಳ್ಳುತ್ತದೆ.

‘ಕೋಟಿ’ ಮೊದಲು ಸಂಖ್ಯೆಯಾಗಿರಲಿಲ್ಲ, ತುದಿಯಾಗಿತ್ತು. ಸಂಸ್ಕೃತದಲ್ಲಿ ಬಿಲ್ಲಿನ ಬಾಗಿದ ಕೊನೆಗೆ, ಹೆದೆ ಕಟ್ಟುವ ಜಾಗಕ್ಕೆ ಕೋಟಿ ಎಂದು ಹೆಸರು. ಉಗುರಿನ ಮೊನೆ, ಆಯುಧದ ಅಲಗು, ಬಿದಿಗೆ ಚಂದ್ರನ ಎರಡು ಚೂಪುಗಳೂ ಕೋಟಿಗಳೇ. ರಾಮೇಶ್ವರದ ಆಚೆಗಿನ ಧನುಷ್ಕೋಟಿ ಆ ಹಳೆಯ ಅರ್ಥವನ್ನು ಇಂದಿಗೂ ಹೊತ್ತು ನಿಂತಿದೆ. ರಾಮ ತನ್ನ ಬಿಲ್ಲಿನ ತುದಿಯಿಂದ ಸೇತುವೆಯನ್ನು ಮುರಿದ ಜಾಗವದು ಎಂಬುದು ಸ್ಥಳಪುರಾಣ. 1964ರ ಡಿಸೆಂಬರಿನ ಚಂಡಮಾರುತ ಆ ಪಟ್ಟಣವನ್ನೇ ಅಳಿಸಿಹಾಕಿತು, ಹೆಸರು ಮಾತ್ರ ಉಳಿಯಿತು. ಅಲ್ಲಿ ಕೋಟಿ ಎಂದರೆ ಹಣವೂ ಅಲ್ಲ, ಎಣಿಕೆಯೂ ಅಲ್ಲ. ಭೂಮಿ ಚೂಪಾಗುತ್ತ ಹೋಗಿ ಸಮುದ್ರಕ್ಕೆ ಸಿಗುವ ಕೊನೆ.

ಬಿಲ್ಲಿಗೆ ಎರಡು ತುದಿ ಇರುವುದರಿಂದ ಪದ ತರ್ಕಶಾಸ್ತ್ರಕ್ಕೂ ಹೊಂದಿಕೊಂಡಿತು. ಮಬ್ಬಿನಲ್ಲಿ ದೂರದಿಂದ ಕಾಣುವುದು ಮೋಟುಮರವೋ ಮನುಷ್ಯನೋ ಎಂಬ ಸಂದೇಹಕ್ಕೆ ಎರಡು ಕೋಟಿಗಳಿವೆ ಎನ್ನುತ್ತಾರೆ ನೈಯಾಯಿಕರು. ಮನಸ್ಸು ಒಂದು ತುದಿಯಿಂದ ಇನ್ನೊಂದಕ್ಕೆ ತೂಗಾಡುವುದೇ ಸಂಶಯ. ಬೌದ್ಧ ದಾರ್ಶನಿಕ ನಾಗಾರ್ಜುನನ ತರ್ಕದಲ್ಲಿ ಎರಡಲ್ಲ, ನಾಲ್ಕು ಕೋಟಿಗಳಿವೆ: ಇದೆ, ಇಲ್ಲ, ಇದೆ ಮತ್ತು ಇಲ್ಲ, ಇದೆಯೂ ಅಲ್ಲ ಇಲ್ಲವೂ ಅಲ್ಲ. ಇದು ಚತುಷ್ಕೋಟಿ. ಪಾಲಿ ಗ್ರಂಥಗಳಲ್ಲಿ ಸಂಸಾರದ ಮೊದಲ ತುದಿ ಕಾಣದು ಎನ್ನುವಲ್ಲಿಯೂ ಕೋಟಿ ಎಂಬ ಪದವೇ ಇದೆ. ತುದಿ ಎಂಬ ಅರ್ಥ ಮೆಲ್ಲಗೆ ವರ್ಗ, ದರ್ಜೆ, ಸಮೂಹಗಳ ಕಡೆಗೂ ಹರಿಯಿತು. ಕನ್ನಡದ ‘ಜೀವಕೋಟಿ’, ‘ಪ್ರಾಣಿಕೋಟಿ’ಗಳಲ್ಲಿ ಇರುವುದು ಅದು. ಮೂವತ್ತಮೂರು ಕೋಟಿ ದೇವತೆಗಳು ಎಂಬಲ್ಲಿ ಕೋಟಿಯನ್ನು ಎಣಿಕೆ ಎಂದು ಓದಬೇಕೋ ಬಗೆ ಎಂದು ಓದಬೇಕೋ ಎಂಬ ಹಳೆಯ ಚರ್ಚೆ ಹುಟ್ಟಿದ್ದೂ ಪದಕ್ಕೆ ಎರಡೂ ಅರ್ಥ ಇರುವುದರಿಂದಲೇ.

ಕನ್ನಡಕ್ಕೆ ಈ ಪದ ಬರುವ ಹೊತ್ತಿಗೆ ಇಲ್ಲಿ ಅದನ್ನು ಹೋಲುವ ಮನೆಮಾತುಗಳು ಆಗಲೇ ಇದ್ದವು. ದನದ ಕೊಂಬು ಕೋಡು, ಆನೆಯ ದಂತ ಕೋಡು, ಬೆಟ್ಟದ ನೆತ್ತಿಯೂ ಕೋಡು. ತಮಿಳಿನ ‘ಕೋಡು’ಗೂ ಕೊಂಬು, ಶಿಖರ, ಕೆರೆದಂಡೆ ಎಂಬ ಅರ್ಥಗಳಿವೆ. ಇದು ದ್ರಾವಿಡ ಭಾಷೆಗಳ ಸ್ವಂತ ಪದ. ಸಂಸ್ಕೃತದ ಕೋಟಿಗೂ ದ್ರಾವಿಡದ ಕೋಡಿಗೂ ಮೂಲದಲ್ಲೇ ನಂಟಿದೆಯೇ, ಇದ್ದರೆ ಯಾರಿಂದ ಯಾರಿಗೆ ಹೋಯಿತು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಕನ್ನಡದ ನಾಲಗೆಯ ಮೇಲೆ ಇವೆರಡೂ ಹತ್ತಿರ ಹತ್ತಿರ ಬಂದದ್ದು ನಿಶ್ಚಯ. ಅಟವಿ ಅಡವಿಯಾದಂತೆ, ಕಟಕ ಕಡಗವಾದಂತೆ, ಕೋಟಿಯೂ ತದ್ಭವದಲ್ಲಿ ಕೋಡಿಯಾಯಿತು. ಹೀಗೆ ಕನ್ನಡದಲ್ಲಿ ಎರಡು ಕೋಡಿಗಳು ಒಂದೇ ವೇಷದಲ್ಲಿ ನಿಂತವು. ಒಂದು ಎಣಿಕೆಯದು, ಇನ್ನೊಂದು ಕೆರೆಯದು.

ಕೆರೆಯ ಕೋಡಿ ಎಂದರೆ ಏರಿಯ ಒಂದು ಕೊನೆಯಲ್ಲಿ, ಏರಿಗಿಂತ ತಗ್ಗಾಗಿ ಕಲ್ಲು ಕಟ್ಟಿ ಬಿಟ್ಟ ದಾರಿ. ಕೆರೆ ತುಂಬಿ ಹೆಚ್ಚಾದ ನೀರು ಏರಿಯನ್ನು ಕೊರೆಯದೆ ಅಲ್ಲಿಂದ ಹೊರಗೆ ಹೋಗುತ್ತದೆ. ಬೆಂಗಳೂರಿನ ಕೆರೆಗಳನ್ನು ಕಟ್ಟಿದವರು ಒಂದನ್ನು ಇನ್ನೊಂದರ ಕೆಳಗೆ ಇಟ್ಟು ಕಟ್ಟಿದರು. ಮೇಲಿನ ಕೆರೆಯ ಕೋಡಿ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯಬೇಕು. ಮಡಿವಾಳದಿಂದ ಅಗರಕ್ಕೆ, ಅಗರದಿಂದ ಬೆಳ್ಳಂದೂರಿಗೆ ನೀರು ಹೋಗುವುದು ಈ ಕ್ರಮದಲ್ಲೇ. ಹುಳಿಮಾವಿಗೆ ಹತ್ತಿರದ ಕೋಡಿಚಿಕ್ಕನಹಳ್ಳಿಯ ಹೆಸರಿನ ತಲೆಯಲ್ಲೇ ಕೋಡಿ ಇದೆ. ಹಳೆ ವಿಮಾನ ನಿಲ್ದಾಣ ರಸ್ತೆಯ ಬಳಿಯ ಕೋಡಿಹಳ್ಳಿಯಲ್ಲೂ ಅದೇ ಪದ. ಕೆರೆ ಕೋಡಿ ಬಿದ್ದಾಗ ಊರು ಬಾಗಿನ ಕೊಡುತ್ತದೆ, ಏರಿ ಒಡೆದಾಗ ಊರು ಕಂಗೆಡುತ್ತದೆ. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ಸುತ್ತಲ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿದ್ದನ್ನು ಇಲ್ಲಿಯವರು ಮರೆತಿಲ್ಲ. ಕೋಡಿ ಬೀಳುವುದಕ್ಕೂ ಏರಿ ಒಡೆಯುವುದಕ್ಕೂ ಇರುವ ಅಂತರವನ್ನು ಅಂದು ಕಣ್ಣಾರೆ ಕಂಡಂತಾಯಿತು. ಕೋಡಿ ಒಂದು ಮಿತಿ, ಆದರೆ ದಾಟುವುದಕ್ಕೆಂದೇ ಕಟ್ಟಿದ ಮಿತಿ. ಕಣ್ಣೀರಿನ ಕೋಡಿ ಹರಿಯಿತು ಎಂದು ನಾವು ಹೇಳುವಾಗಲೂ ತುಂಬಿ, ಮಿತಿ ದಾಟಿ, ಹೊರಗೆ ಬಂತು ಎಂಬುದೇ ಅರ್ಥ.

ಎಣಿಕೆಯ ಕೋಟಿಯ ಕಥೆಯೂ ಹೀಗೆಯೇ ನಡೆಯಿತು. ಅದನ್ನು ನೋಡಲು ವೇದಗಳ ಕಾಲಕ್ಕೆ ಹೋಗಬೇಕು.

ಯಜುರ್ವೇದದಲ್ಲಿ ಈ ಇಟ್ಟಿಗೆಗಳು ನನಗೆ ಹಾಲು ಕೊಡುವ ಹಸುಗಳಾಗಲಿ ಎಂದು ಬೇಡುವ ಸಂದರ್ಭದಲ್ಲಿ ಹತ್ತರ ಘಾತಗಳ ಪಟ್ಟಿ ಬರುತ್ತದೆ: ಏಕ, ದಶ, ಶತ, ಸಹಸ್ರ, ಅಯುತ, ನಿಯುತ, ಪ್ರಯುತ, ಅರ್ಬುದ, ನ್ಯರ್ಬುದ, ಸಮುದ್ರ, ಮಧ್ಯ, ಅಂತ, ಪರಾರ್ಧ. ಒಂದರಿಂದ ಹಿಡಿದು ಒಂದರ ಮುಂದೆ ಹನ್ನೆರಡು ಸೊನ್ನೆಗಳವರೆಗೆ ಹದಿಮೂರು ಹೆಸರುಗಳು. ಇದರಲ್ಲಿ ‘ಕೋಟಿ’ ಇಲ್ಲ. ಇಂದಿನ ಕೋಟಿಯ ಜಾಗದಲ್ಲಿ, ಅಂದರೆ ಎಂಟನೆಯ ಸ್ಥಾನದಲ್ಲಿ, ಕೂತಿರುವುದು ಅರ್ಬುದ. ಕ್ರಿ.ಶ. 499ರಲ್ಲಿ ಆರ್ಯಭಟ ತನ್ನ ಗ್ರಂಥವನ್ನು ಬರೆಯುವ ಹೊತ್ತಿಗೆ ಚಿತ್ರ ಬದಲಾಗಿದೆ. ಅವನ ಪಟ್ಟಿಯಲ್ಲಿ ಎಂಟನೆಯ ಸ್ಥಾನ ಕೋಟಿಯದು, ಅರ್ಬುದ ಒಂದು ಮನೆ ಮುಂದಕ್ಕೆ ಸರಿದಿದೆ. ಮುಂದೆ, ಸುಮಾರು 850ರ ಗಣಿತಜ್ಞ ಮಹಾವೀರಾಚಾರ್ಯನಲ್ಲಿ ಅರ್ಬುದ ಇನ್ನೂ ಎರಡು ಮನೆ ಜರುಗಿ ಹನ್ನೊಂದನೆಯದಾಗುತ್ತದೆ. ಲಕ್ಷ ನಿಯುತದ ಜಾಗ ಹಿಡಿಯಿತು. ಪರಾರ್ಧ ಭಾಸ್ಕರನ ಲೀಲಾವತಿಯಲ್ಲಿ (1150) ಹದಿನೆಂಟನೆಯ ಸ್ಥಾನಕ್ಕೆ ಏರಿತು. ಇಷ್ಟೆಲ್ಲ ಓಡಾಟದ ನಡುವೆ ಕೋಟಿ ಮಾತ್ರ ಒಮ್ಮೆ ಕೂತ ಎಂಟನೆಯ ಮನೆ ಬಿಟ್ಟು ಕದಲಲಿಲ್ಲ. ಅದಕ್ಕೇ ಇರಬೇಕು, ಬಾಕಿ ಹೆಸರುಗಳು ಗ್ರಂಥಗಳಲ್ಲಿ ಉಳಿದವು, ಕೋಟಿ ಜನರ ಬಾಯಲ್ಲಿ ಉಳಿಯಿತು.

ತುದಿ ಎಂಬ ಪದ ಸಂಖ್ಯೆಯಾದದ್ದು ಏಕೆ ಎಂದು ಊಹಿಸುವುದು ಕಷ್ಟವಲ್ಲ. ಎಣಿಸುವವನ ಎಣಿಕೆ ಎಲ್ಲಿ ನಿಂತಿತೋ ಅದು ತುದಿ. ಸಾಮಾನ್ಯ ವ್ಯವಹಾರಕ್ಕೆ ಅದರಾಚೆ ಹೋಗುವ ಅಗತ್ಯವಿಲ್ಲ. ಆದರೆ ಬೌದ್ಧರ ಲಲಿತವಿಸ್ತರದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಅರ್ಜುನನೆಂಬ ಗಣಿತಜ್ಞ ಎಳೆಯ ಬೋಧಿಸತ್ತ್ವನನ್ನು ಪರೀಕ್ಷಿಸಲು ಕೇಳುತ್ತಾನೆ: ಕೋಟಿಯಿಂದಾಚೆ ನೂರು ನೂರಾಗಿ ಏರುವ ಎಣಿಕೆ ಗೊತ್ತೇ? ಬೋಧಿಸತ್ತ್ವ ಹೇಳುತ್ತ ಹೋಗುತ್ತಾನೆ. ನೂರು ಕೋಟಿ ಒಂದು ಅಯುತ, ನೂರು ಅಯುತ ಒಂದು ನಿಯುತ, ಹೀಗೆ ಏರಿ ತಲ್ಲಕ್ಷಣದವರೆಗೆ, ಅಂದರೆ ಒಂದರ ಮುಂದೆ 53 ಸೊನ್ನೆಗಳವರೆಗೆ. ತುದಿ ಎಂಬ ಹೆಸರಿನ ಸಂಖ್ಯೆ ಅಲ್ಲಿ ಮೊದಲ ಮೆಟ್ಟಿಲಾಗಿದೆ.

ಬೌದ್ಧರ ಜೊತೆ, ವರ್ತಕರ ಜೊತೆ ಪದ ದೇಶ ಬಿಟ್ಟು ಹೊರಟಿತು. ಥಾಯ್ ಮತ್ತು ಲಾವೊ ಭಾಷೆಗಳಲ್ಲಿ ಅದು ಇಂದಿಗೂ ಒಂದು ಕೋಟಿಯೇ. ಜಾವಾ ಮತ್ತು ಮಲಯ ನಾಡುಗಳಿಗೆ ಹೋದದ್ದು ದಾರಿಯಲ್ಲಿ ಸೊರಗಿತು: ಅಲ್ಲಿ ‘ಲಕ್ಸ’ ಎಂದರೆ ಹತ್ತು ಸಾವಿರ, ‘ಕೆತಿ’ ಎಂದರೆ ಒಂದು ಲಕ್ಷ. ಉತ್ತರ ಭಾರತದಲ್ಲಿ ಪ್ರಾಕೃತದ ಮೂಲಕ ‘ಕರೋಡ್’ ಆಗಿ, ಅಲ್ಲಿಂದ ಇಂಗ್ಲಿಷಿನವರ ಬಾಯಲ್ಲಿ ‘ಕ್ರೋರ್’ ಆಯಿತು. ಪರ್ಷಿಯನ್ನಿಗೆ ‘ಕುರೂರ್’ ಆಗಿ ಹೋದದ್ದು ಇರಾನಿನಲ್ಲಿ ಐದು ಲಕ್ಷಕ್ಕೆ ಇಳಿಯಿತು. 1828ರ ತುರ್ಕ್‌ಮಾನ್‌ಚಾಯ್ ಒಪ್ಪಂದದಂತೆ ರಷ್ಯಾಕ್ಕೆ ಇರಾನ್ ತೆರಬೇಕಾದ ಯುದ್ಧದಂಡ ಹತ್ತು ಕುರೂರ್ ತುಮಾನ್ ಎಂದರೆ ನಮ್ಮ ಲೆಕ್ಕದ ಹತ್ತು ಕೋಟಿಯಲ್ಲ, ಐವತ್ತು ಲಕ್ಷ.

ಹೊರಗೆ ಸೊರಗಿದ ಪದ ಕನ್ನಡ ನಾಡಿನಲ್ಲಿ ಮಾತ್ರ ಬೆಳೆಯುತ್ತಲೇ ಹೋಯಿತು. ಅದನ್ನು ಬೆಳೆಸಿದವರು ಜೈನರು. ಲೋಕದ ಅಳತೆ, ಕಾಲದ ಅಳತೆ, ಜೀವಿಗಳ ಎಣಿಕೆ ಎಲ್ಲವನ್ನೂ ಸಂಖ್ಯೆಯಲ್ಲೇ ಹೇಳಬೇಕೆಂಬ ಹಟ ಅವರದು. ಕೋಟಿಯನ್ನು ಕೋಟಿಯಿಂದಲೇ ಗುಣಿಸಿ ‘ಕೋಡಾಕೋಡಿ’ ಎಂದರು. ಅದು ಒಂದರ ಮುಂದೆ 14 ಸೊನ್ನೆ. ವೀರಸೇನಾಚಾರ್ಯ 816ರಲ್ಲಿ ಮುಗಿಸಿದ ಧವಳಾ ಟೀಕೆ ಮನುಷ್ಯರ ಸಂಖ್ಯೆಯನ್ನು ಕೋಟಿಯ ಮೂರನೆಯ ಘಾತಕ್ಕೂ ನಾಲ್ಕನೆಯ ಘಾತಕ್ಕೂ ನಡುವೆ ಇಡುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬುದಕ್ಕೆ ಅದರಲ್ಲಿ ‘ಅರ್ಧಚ್ಛೇದ’ ಎಂಬ ಹೆಸರಿದೆ. ಎರಡನ್ನು ಆಧಾರವಾಗಿಟ್ಟ ಲಾಗರಿದಮ್ ಎಂದು ಇಂದು ನಾವು ಕಲಿಯುವುದು ಇದೇ ವಿಚಾರ. ಈ ಗ್ರಂಥದ ತಾಳೆಗರಿಗಳನ್ನು ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದದ್ದು ನಮ್ಮ ಮೂಡುಬಿದಿರೆ.

ವೀರಸೇನರ ಶಿಷ್ಯ ಜಿನಸೇನರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಗುರುಗಳು. ಮಳಖೇಡದ ಆ ಆಸ್ಥಾನದಿಂದ ಕನ್ನಡಕ್ಕೆ ಕವಿರಾಜಮಾರ್ಗ ಬಂತು. ಅದೇ ಅಮೋಘವರ್ಷನನ್ನು ಆರಂಭದಲ್ಲಿ ಹೊಗಳಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹವನ್ನು ಬರೆದ. ಖಗೋಳದ ಹಂಗಿಲ್ಲದೆ ಗಣಿತವನ್ನೇ ಗಣಿತವಾಗಿ ಹೇಳಿದ ಸಂಸ್ಕೃತ ಗ್ರಂಥವದು. ಅದರಲ್ಲಿ ಸ್ಥಾನಗಳ ಹೆಸರು 24. ಎಂಟನೆಯದು ಕೋಟಿ. ಅಲ್ಲಿಂದಾಚೆ ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಜಗತ್ತಿಗೆ ಇದರ ಪರಿಚಯವಾಯಿತು.

ಮಹಾವೀರಾಚಾರ್ಯ ದೊಡ್ಡ ಸಂಖ್ಯೆಗೆ ಹೆಸರಿಟ್ಟು ಸುಮ್ಮನಾಗಲಿಲ್ಲ, ಅದರ ಚೆಲುವನ್ನು ಹುಡುಕಿದ. ಗುಣಾಕಾರದ ಭಾಗದಲ್ಲಿ ಅವನು ಕೊಡುವ ಕೆಲವು ಲೆಕ್ಕಗಳ ಉತ್ತರಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇವನ್ನು ಅವನು ಕೊರಳ ಹಾರಗಳೆಂದು ಕರೆದ. 139ನ್ನು 109ರಿಂದ ಗುಣಿಸಿದರೆ 15151. 1,23,45,679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು. 14,28,57,143ನ್ನು 7ರಿಂದ ಗುಣಿಸಿದರೆ ಎರಡು ತುದಿಯಲ್ಲಿ ಎರಡು ಒಂದು, ನಡುವೆ ಎಂಟು ಸೊನ್ನೆ. 2,79,94,681ನ್ನು 441ರಿಂದ ಗುಣಿಸಿದರೆ 12345654321, ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ. ಈ ಕೊನೆಯದರ ಗುಟ್ಟು ಹೀಗಿದೆ: 1,11,111ರ ವರ್ಗವೇ ಈ ಸಂಖ್ಯೆ, 1,11,111 ಎಂದರೆ 21 ಗುಣಿಸು 5,291, ಅದರಲ್ಲಿ 21ರ ವರ್ಗ 441, 5,291ರ ವರ್ಗ ಉಳಿದದ್ದು.

ಕೋಟಿಯ ಸ್ಥಾನಕ್ಕೆ ಸರಿಯಾಗಿ ಬರುವ ಹಾರವೂ ಅಲ್ಲಿದೆ. 1,52,207ನ್ನು 73ರಿಂದ ಗುಣಿಸಿದರೆ ಬರುವುದು 1,11,11,111: ಒಂದು ಕೋಟಿ ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರ ಹನ್ನೊಂದು. ಎಂಟು ಸ್ಥಾನ, ಎಂಟೂ ಒಂದು. ಇದನ್ನು ಬಿಡಿಸಿ ನೋಡೋಣ. ಯಾವುದೇ ನಾಲ್ಕಂಕಿಯ ಸಂಖ್ಯೆಯನ್ನು 10,001ರಿಂದ ಗುಣಿಸಿದರೆ ಅದು ಎರಡು ಸಲ ಪಕ್ಕಪಕ್ಕದಲ್ಲಿ ಬಂದು ಕೂರುತ್ತದೆ. ಹಾಗಾಗಿ 1,111ನ್ನು 10,001ರಿಂದ ಗುಣಿಸಿದರೆ ಎಂಟು ಒಂದುಗಳು. ಇನ್ನು 1,111 ಎಂದರೆ 11 ಗುಣಿಸು 101, 10,001 ಎಂದರೆ 73 ಗುಣಿಸು 137. ಹಾಗಾಗಿ ಈ ಹಾರದಲ್ಲಿ ಇರುವುದು ನಾಲ್ಕೇ ಅವಿಭಾಜ್ಯ ಸಂಖ್ಯೆಗಳು: 11, 73, 101, 137. ಅವುಗಳಲ್ಲಿ 73ನ್ನು ತೆಗೆದಿಟ್ಟು ಉಳಿದ ಮೂರನ್ನು ಗುಣಿಸಿದರೆ 1,52,207. ಇಂಥ ಲೆಕ್ಕ ಕಟ್ಟಬೇಕಾದವನು ಉತ್ತರದಿಂದ ಹೊರಡಬೇಕು. ಮೊದಲು ಹಾರವನ್ನು ಮನಸ್ಸಿನಲ್ಲಿ ಕಂಡು, ಆಮೇಲೆ ಅದು ಎಲ್ಲಿ ಒಡೆಯುತ್ತದೆ ಎಂದು ಹುಡುಕಬೇಕು. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕನ್ನಡ ನಾಡಿನ ಆಸ್ಥಾನವೊಂದರ ನೆರಳಿನಲ್ಲಿ ಬದುಕಿದವನೊಬ್ಬ ಕೋಟಿ ದಾಟಿದ ಸಂಖ್ಯೆಯನ್ನು ಹೀಗೆ ಪ್ರೀತಿಯಿಂದ ಒಡೆದು ನೋಡಿದ್ದಾನೆ ಎಂಬುದು ನನಗೆ ಈ ಪದದ ಚರಿತ್ರೆಯಲ್ಲೇ ಅತ್ಯಂತ ಹೆಮ್ಮೆಯ ವಿಷಯ.

ಹಾಗಾದರೆ ಕೋಟಿಯ ಒಳಗೆ ಏನಿದೆ? ಒಂದು ಕೋಟಿ ಹತ್ತರ ಏಳನೆಯ ಘಾತ. ಅದನ್ನು ಕಟ್ಟಿರುವುದು ಏಳು ಎರಡುಗಳು, ಏಳು ಐದುಗಳು, ಬೇರೆ ಯಾವ ಅವಿಭಾಜ್ಯವೂ ಇಲ್ಲ. ಆದ್ದರಿಂದ ಶೇಷವಿಲ್ಲದೆ ಅದನ್ನು ಭಾಗಿಸುವ ಸಂಖ್ಯೆಗಳು ಎಂಟೆಂಟ್ಲ ಅರವತ್ತನಾಲ್ಕು. ವೀರಸೇನರ ಹಾಗೆ ಅರ್ಧ ಮಾಡುತ್ತ ಹೋದರೆ ಐವತ್ತು ಲಕ್ಷ, ಇಪ್ಪತ್ತೈದು ಲಕ್ಷ, ಹನ್ನೆರಡೂವರೆ ಲಕ್ಷ, ಆರೂಕಾಲು ಲಕ್ಷ, 3,12,500, 1,56,250, 78,125. ಏಳನೆಯ ಸಲಕ್ಕೆ ಬೆಸಸಂಖ್ಯೆ ಸಿಕ್ಕಿ ಎರಡರ ಆಟ ಮುಗಿಯುತ್ತದೆ. ಏಳು ಎಂಬುದು ಎರಡರಿಂದಲೂ ಮೂರರಿಂದಲೂ ಭಾಗವಾಗದ್ದರಿಂದ ಕೋಟಿ ಯಾವ ಪೂರ್ಣಸಂಖ್ಯೆಯ ವರ್ಗವೂ ಅಲ್ಲ, ಘನವೂ ಅಲ್ಲ. ಆದರೆ ಎರಡು ವರ್ಗಗಳನ್ನು ಕೂಡಿಸಿ ಅದನ್ನು ಪಡೆಯಬಹುದು, ಅದೂ ಸರಿಯಾಗಿ ನಾಲ್ಕೇ ಬಗೆಯಲ್ಲಿ. 3000 ಮತ್ತು 1000ದ ವರ್ಗಗಳು ಕೂಡಿದರೆ ಒಂದು ಕೋಟಿ. 2600 ಮತ್ತು 1800, 3160 ಮತ್ತು 120, 2456 ಮತ್ತು 1992 ಕೂಡ ಹಾಗೆಯೇ. ಐದನೆಯ ಜೋಡಿ ಇಲ್ಲ.

ಇಲ್ಲಿ ಪದದ ಇನ್ನೊಂದು ಜನ್ಮವನ್ನು ನೆನೆಯಲೇಬೇಕು. ನಮ್ಮ ಗಣಿತಜ್ಞರು ಲಂಬಕೋನ ತ್ರಿಭುಜದ ಒಂದು ಬಾಹುವನ್ನು ಭುಜ ಎಂದರು, ಅದಕ್ಕೆ ಲಂಬವಾದುದನ್ನು ಕೋಟಿ ಎಂದರು, ಎರಡರ ತುದಿಗಳನ್ನು ಸೇರಿಸುವುದನ್ನು ಕರ್ಣ ಎಂದರು. ವೃತ್ತದ ಗಣಿತದಲ್ಲಿಯೂ ಬಿಲ್ಲೇ ಮಾದರಿ: ವೃತ್ತದ ಭಾಗ ಚಾಪ, ಅದಕ್ಕೆ ಕಟ್ಟಿದ ಹೆದೆ ಜ್ಯಾ, ನಡುವಿನ ಬಾಣ ಶರ. ಕೋಟಿಗೆ ಸೇರಿದ ಜ್ಯಾ ಕೋಟಿಜ್ಯಾ, ಚಿಕ್ಕದಾಗಿ ಕೋಜ್ಯಾ. ಇಂದಿನ ಪಠ್ಯಪುಸ್ತಕ ಅದನ್ನು ಕೊಸೈನ್ ಎನ್ನುತ್ತದೆ. ಜ್ಯಾ ಅರಬ್ಬರ ಕೈ ಸೇರಿ, ತಪ್ಪು ಓದಿನಿಂದ ಲ್ಯಾಟಿನ್ನಿನಲ್ಲಿ ‘ಸೈನಸ್’ ಆದ ಕಥೆ ಎಲ್ಲರಿಗೂ ಗೊತ್ತು. ಹೀಗೆ ಮೇಲಿನ ನಾಲ್ಕು ಜೋಡಿಗಳನ್ನು ಹಳೆಯ ಭಾಷೆಯಲ್ಲಿ ಹೇಳುವುದಾದರೆ, ಭುಜ 3000, ಕೋಟಿ 1000 ಇರುವ ಕ್ಷೇತ್ರದ ಕರ್ಣದ ವರ್ಗ ಒಂದು ಕೋಟಿ. ಒಂದೇ ವಾಕ್ಯದಲ್ಲಿ ಪದ ಎರಡು ಸಲ ಬಂದು ಎರಡು ಬೇರೆ ಕೆಲಸ ಮಾಡುತ್ತದೆ, ಎರಡರ ಹಿಂದೆಯೂ ಒಂದೇ ಬಿಲ್ಲಿನ ತುದಿ ಇದೆ.

ಕೋಟಿಯ ನೆರೆಹೊರೆಯೂ ಸ್ವಾರಸ್ಯದ್ದು. ಒಂದು ಹಿಂದೆ 99,99,999 ಇದೆ: ಒಂಬತ್ತನ್ನು ತೆಗೆದರೆ ಏಳು ಒಂದುಗಳು, ಅದು 239 ಮತ್ತು 4,649 ಎಂಬ ಅವಿಭಾಜ್ಯಗಳ ಗುಣಲಬ್ಧ. ಒಂದು ಮುಂದೆ 1,00,00,001 ಇದೆ: ಅದು 11 ಗುಣಿಸು 9,09,091. ಇವೆರಡೂ ಒಡೆಯುತ್ತವೆ. ಒಡೆಯದವು ಸ್ವಲ್ಪ ದೂರ. ಕೋಟಿಗೆ ಮುಂಚಿನ ಕೊನೆಯ ಅವಿಭಾಜ್ಯ 99,99,991, ಕೋಟಿ ದಾಟಿದ ಮೇಲೆ ಮೊದಲು ಸಿಗುವುದು 1,00,00,019. ಒಂದರಿಂದ ಕೋಟಿಯವರೆಗೆ ಇರುವ ಅವಿಭಾಜ್ಯಗಳು ಒಟ್ಟು 6,64,579, ಅಂದರೆ ಹದಿನೈದಕ್ಕೆ ಒಂದರಂತೆ. ಮೊದಲ ನೂರರಲ್ಲಿ ಇಪ್ಪತ್ತೈದಿದ್ದವು ಇಲ್ಲಿಗೆ ಬರುವಷ್ಟರಲ್ಲಿ ವಿರಳವಾಗುತ್ತವೆ. ಆದರೆ ಎಂದಿಗೂ ಮುಗಿಯುವುದಿಲ್ಲ ಎಂಬುದನ್ನು ಯೂಕ್ಲಿಡ್ ಸಾಧಿಸಿ ಎರಡು ಸಾವಿರ ವರ್ಷಗಳ ಮೇಲಾಯಿತು.

ಪಂಡಿತರ ಕೋಟಿ ಹೀಗಿದ್ದರೆ ಜನರ ಕೋಟಿ ಬೇರೆ ದಾರಿ ಹಿಡಿಯಿತು. ಶಾಸನಗಳಲ್ಲಿ ನಾಡುಗಳ ಹೆಸರಿನ ಜೊತೆ ಸಂಖ್ಯೆ ಬರುವುದುಂಟು: ಬನವಾಸಿ 12000, ನೊಳಂಬವಾಡಿ 32000, ಇಂದಿನ ಬೆಂಗಳೂರಿನ ಸೀಮೆಯನ್ನು ಒಳಗೊಂಡ ಗಂಗವಾಡಿ 96000. ಚೋಳರ ಶಾಸನಗಳು ರಟ್ಟಪಾಡಿಯನ್ನು ಏಳೂವರೆ ಲಕ್ಷ ಎನ್ನುತ್ತವೆ. ನೆಲದ ಲೆಕ್ಕ ಲಕ್ಷದಲ್ಲಿ ನಿಂತಿತು. ಕೋಟಿ ಬರುವುದು ಶಾಸನದ ಕೊನೆಯ ಶಾಪದಲ್ಲಿ. ಈ ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಏಳು ಕೋಟಿ ಮುನಿಗಳನ್ನು ಕೊಂದ ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆ ನಾಡಿನ ಎಷ್ಟೋ ಕಲ್ಲುಗಳ ಮೇಲಿದೆ. ನೆಲ ಅಳೆಯುವ ಸಂಖ್ಯೆ ಬೇರೆ, ಪಾಪಪುಣ್ಯ ಅಳೆಯುವ ಸಂಖ್ಯೆ ಬೇರೆ. ಮೈಲಾರಲಿಂಗನ ಜಾತ್ರೆಯಲ್ಲಿ ಗೊರವರು ಕೂಗುವ ‘ಏಳುಕೋಟಿ’ಯೂ ಹಾಗೆಯೇ, ಅದು ದೇವರ ಜೊತೆ ನಡೆದ ಸೈನ್ಯದ ಅಳತೆ. ಮಹಾರಾಷ್ಟ್ರದ ಜೇಜುರಿಗೆ ಹೋದರೆ ಅದೇ ಕೂಗು ‘ಯೇಳ್ಕೋಟ್’ ಎಂದು ಕೇಳುತ್ತದೆ. ಅಲ್ಲಿಯ ಭಕ್ತರ ಬಾಯಲ್ಲಿರುವ ಆ ಏಳು ಕನ್ನಡದ ಏಳು.

ಹಂಪಿಗೆ ಬರುವ ಮುಂಚೆ ಪುರಂದರದಾಸರು ‘ನವಕೋಟಿ ನಾರಾಯಣ’ರಾಗಿದ್ದರು ಎನ್ನುತ್ತದೆ ಪರಂಪರೆ. ಆ ಒಂಬತ್ತು ಕೋಟಿಯನ್ನು ಬಿಟ್ಟು ಬಂದದ್ದೇ ಅವರ ಕಥೆಯ ತಿರುಳು. ಸರ್ವಜ್ಞ ಕೋಟಿ ವಿದ್ಯೆಗಳಿಗಿಂತ ಬೇಸಾಯವನ್ನು ಮೇಲಿಟ್ಟ. ತುಳುನಾಡಿನ ಅವಳಿ ವೀರರಲ್ಲಿ ಹಿರಿಯನ ಹೆಸರೇ ಕೋಟಿ, ಕಿರಿಯ ಚೆನ್ನಯ. ಗೋಕರ್ಣದಲ್ಲಿ ಕೋಟಿತೀರ್ಥವಿದೆ. ಕೋಲಾರ ಜಿಲ್ಲೆಯ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ಕೋಟಿ ಲಿಂಗಗಳನ್ನು ಸ್ಥಾಪಿಸುವ ಸಂಕಲ್ಪ ನಡೆಯುತ್ತ ಬಂದಿದೆ. ಇವುಗಳಲ್ಲೆಲ್ಲ ಕೋಟಿ ಎಂದರೆ ಎಣಿಸಿ ಮುಗಿಸಲಾಗದಷ್ಟು. ರಾಮಕೋಟಿ ಮಾತ್ರ ಎಣಿಸಿಯೇ ತೀರುತ್ತೇನೆ ಎನ್ನುವ ವ್ರತ. ದಿನಕ್ಕೆ ಸಾವಿರ ಸಲ, ಒಂದು ದಿನವೂ ತಪ್ಪದೆ ಬರೆದರೆ ಹತ್ತು ಸಾವಿರ ದಿನ, ಇಪ್ಪತ್ತೇಳು ವರ್ಷಕ್ಕೂ ಹೆಚ್ಚು. ಕೋಟಿ ಎಷ್ಟು ದೊಡ್ಡದು ಎಂಬುದು ಬೆರಳಿಗೇ ಗೊತ್ತಾಗುವುದು ಈ ವ್ರತದಲ್ಲಿ. ಲಕ್ಷ ಸೆಕೆಂಡುಗಳು ಇಪ್ಪತ್ತೆಂಟು ಗಂಟೆಯೊಳಗೆ ಮುಗಿದುಹೋಗುತ್ತವೆ, ಕೋಟಿ ಸೆಕೆಂಡುಗಳಿಗೆ 115 ದಿನ 17 ಗಂಟೆ 46 ನಿಮಿಷ 40 ಸೆಕೆಂಡು ಬೇಕು. ಬಾಯಲ್ಲಿ ಲಕ್ಷ, ಕೋಟಿ ಒಂದರ ಪಕ್ಕ ಒಂದು ಬರುತ್ತವೆ. ಬದುಕಿನಲ್ಲಿ ಅವುಗಳ ನಡುವೆ ಒಂದು ದಿನಕ್ಕೂ ನಾಲ್ಕು ತಿಂಗಳಿಗೂ ಇರುವ ಅಂತರವಿದೆ.

ಇಂದು ಕೋಟಿಯಾಚೆಗೆ ಕನ್ನಡದ ಆಡುಮಾತಿನಲ್ಲಿ ಬೇರೆ ಹೆಸರು ಉಳಿದಿಲ್ಲ. ಅರ್ಬುದ, ಖರ್ವ, ಪದ್ಮಗಳು ಮರೆಗೆ ಸರಿದವು. ಸರ್ಕಾರದ ಆಯವ್ಯಯ ಬಂದಾಗ ನಾವು ಕೋಟಿಯನ್ನೇ ಮತ್ತೆ ಎಣಿಸುತ್ತೇವೆ: 2025–26ರ ಕರ್ನಾಟಕ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ, ‘ನಾಲ್ಕು ಲಕ್ಷ ಕೋಟಿ’ಗೂ ಹೆಚ್ಚು. ಈ ಲಕ್ಷ ಕೋಟಿ ಎಂಬುದು ಒಂದರ ಮುಂದೆ ಹನ್ನೆರಡು ಸೊನ್ನೆ, ಯಜುರ್ವೇದದ ಪಟ್ಟಿಯ ಕೊನೆಯ ಸಂಖ್ಯೆಯಾದ ಪರಾರ್ಧವೇ. ಆ ಋಷಿಗಳು ಇಟ್ಟಿಗೆಗಳ ಪ್ರಾರ್ಥನೆಯಲ್ಲಿ ಹೇಳಿದ ಸಂಖ್ಯೆಯನ್ನು ಇಂದು ಪತ್ರಿಕೆ ಓದುವವರೆಲ್ಲ ದಾಟಿ ಹೋಗುತ್ತಾರೆ. ಅದಕ್ಕೆ ಒಂದು ಹೆಸರಿತ್ತು ಎಂಬುದು ಮಾತ್ರ ಮರೆತಿದೆ.

ಮರೆವು ಹೆಸರಿನದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಕೋಟಿ ಎಂದೊಡನೆ ನಮ್ಮ ಮಕ್ಕಳ ಕಣ್ಣ ಮುಂದೆ ಬರುವುದು ಹಣ ಮಾತ್ರ: ಟಿವಿಯ ಕೋಟ್ಯಧಿಪತಿ, ಸೈಟಿನ ಬೆಲೆ, ಸಿನಿಮಾದ ಗಳಿಕೆ. ಸಂಖ್ಯೆಯಾಗಿ ಅದನ್ನು ನೋಡುವ, ಒಡೆಯುವ, ಕೂಡಿಸುವ ಖುಷಿ ಅವರಿಗೆ ಸಿಗುತ್ತಿಲ್ಲ. ಆ ಖುಷಿಯನ್ನು ಕನ್ನಡದಲ್ಲೇ ಕೊಡಲು ನಮಗೆ ಯಾವ ಕೊರತೆಯೂ ಇಲ್ಲ. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲಿ ಬರೆದು ಗಣಿತಕ್ಕೆ ನಮ್ಮ ಮಾತು ಸಾಕು ಎಂದು ತೋರಿಸಿದ್ದಾನೆ. ಐದನೆಯ ತರಗತಿಯ ಹುಡುಗಿಯೊಬ್ಬಳ ಕೈಗೆ ಬಳಪ ಕೊಟ್ಟು 1,52,207ನ್ನು 73ರಿಂದ ಗುಣಿಸು ಎನ್ನಿ. ಎಂಟು ಒಂದುಗಳು ಸಾಲಾಗಿ ಬಂದಾಗ ಅವಳು ಏಕೆ ಎಂದು ಕೇಳುತ್ತಾಳೆ. ಆ ‘ಏಕೆ’ಗೆ ಉತ್ತರವಾಗಿ 11, 73, 101, 137 ಎಂಬ ನಾಲ್ಕು ಸಂಖ್ಯೆಗಳನ್ನು ತೋರಿಸಿದರೆ ಅವಳಿಗೆ ಅಪವರ್ತನ ಎಂಬ ಪಾಠ ಮತ್ತೆ ಎಂದೂ ಒಣ ಪಾಠವಾಗದು.

ಪದ ತುದಿ ಎಂದು ಹುಟ್ಟಿತು. ಎಣಿಕೆಯ ತುದಿಯಾಯಿತು. ಆದರೆ ಆ ತುದಿಯಲ್ಲಿ ನಿಂತ ಪ್ರತಿಯೊಬ್ಬರೂ ಅದರಾಚೆಗೆ ನೋಡಿದರು. ಲಲಿತವಿಸ್ತರ ಅಲ್ಲಿಂದ ಎಣಿಸತೊಡಗಿತು, ಜೈನರು ಕೋಟಿಗೆ ಕೋಟಿ ಗುಣಿಸಿದರು, ಮಹಾವೀರಾಚಾರ್ಯ ಇನ್ನೂ ಹದಿನಾರು ಸ್ಥಾನಗಳಿಗೆ ಹೆಸರಿಟ್ಟ. ಬೆಲೆ ಕೇಳಿ ಬೆರಗಾಗುವುದಕ್ಕೆ ಮುಂಚೆ ನಮ್ಮ ಮಕ್ಕಳು ಆ ಹದಿನಾರು ಹೆಸರುಗಳನ್ನೂ, ಕೋಟಿಯೊಳಗಿನ ಏಳು ಎರಡು ಏಳು ಐದುಗಳನ್ನೂ ಕಲಿತಿರಲಿ. ದೊಡ್ಡ ಸಂಖ್ಯೆಗೆ ಹೆದರದ ಮನಸ್ಸು ಅಲ್ಲಿಂದಲೇ ಬೆಳೆಯುತ್ತದೆ.